ಎತ್ತಿಟ್ಟ ಮೊಟ್ಟೆ

ತಟ್ಟೆಯಲ್ಲಿ ಬ್ರೆಡ್ಡಿನ ತುಂಡು ಇತ್ತು, ಮೊಟ್ಟೆ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಲಿಲಿಯಾನ್ ವುರ್ಮ್ಸರ್ ಉಗ್ರಾಣದ ಬಾಗಿಲಲ್ಲಿ ನಿಂತು ಇನ್ನೊಮ್ಮೆ ನೋಡಿದಳು. ತಟ್ಟೆಗೆ ಮುಚ್ಚಿದ್ದ ಬಿಳಿ ಬಟ್ಟೆಯನ್ನು ಯಾರೋ ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟಿದ್ದರು. ಬ್ರೆಡ್ಡಿನ ಬಳಿ ಒಂದಿಷ್ಟು ಉಪ್ಪು ಚೆಲ್ಲಿತ್ತು. ಬಟ್ಟೆಯನ್ನು ಅಷ್ಟು ಒಪ್ಪವಾಗಿ ಮಡಿಸುವವನು ಆ ಮನೆಯಲ್ಲಿ ಒಬ್ಬನೇ. ಬಟ್ಟೆಯಂಗಡಿ ನಡೆಸಿಯೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವನು.

"ಗಾಸ್ತೋನ್," ಎಂದು ಕರೆದಳು. ಮಹಡಿಯ ಮೇಲೆ ಅತಿಥಿ ಮಲಗಿದ್ದರಿಂದ ದನಿ ಏರಿಸಲಿಲ್ಲ.

ಗಂಡ ಹಬ್ಬದ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಬಂದ. ಹಿಂದಿನ ರಾತ್ರಿ ಯೆಹೂದಿಗಳ ಪ್ರಾರ್ಥನಾಮಂದಿರವಾದ ಸಿನಗಾಗ್‌ನಲ್ಲಿ ತೋರಾ ಧರ್ಮಗ್ರಂಥದ ಸುರುಳಿಗಳನ್ನು ಹೊತ್ತು ಕುಣಿದ ಆಯಾಸ ಇನ್ನೂ ಮುಖದಲ್ಲಿತ್ತು. ಕುಣಿತದ ನಡುವೆ ಏರಿಸಿದ ಪ್ಲಮ್ ಬ್ರಾಂದಿಯದೂ ಇತ್ತು.

"ಇಲ್ಲಿದ್ದ ಮೊಟ್ಟೆ ಎಲ್ಲಿ?"

"ಯಾವ ಮೊಟ್ಟೆ?"

"ಬ್ರೆಡ್ ಪಕ್ಕದಲ್ಲಿದ್ದ ಮೊಟ್ಟೆ."

"ಓ, ಅದಾ. ತಿಂದೆ." ಅವನು ಅವಳ ಮುಖ ನೋಡಿದ. "ಹಸಿವಾಗಿತ್ತು, ಲಿಲಿ. ಒಂದು ಮೊಟ್ಟೆ ತಾನೆ."

"ಯಾಕೆ ಎತ್ತಿಟ್ಟಿದ್ದೆ ಅಂತ ಗೊತ್ತಿತ್ತು ನಿಂಗೆ. ಬುಧವಾರ ಸಂಜೆ ಅದನ್ನ ಕೈಯಲ್ಲಿ ಹಿಡಿದು ಮಂತ್ರ ಹೇಳಿದವನೇ ನೀನು."

ಗಾಸ್ತೋನ್‌ನ ಕೈ ಮೂರನೇ ಗುಂಡಿಯ ಮೇಲೆ ನಿಂತುಹೋಯಿತು.

ಹಬ್ಬದ ದಿನ ಒಲೆಯ ಮೇಲೆ ಅಡುಗೆ ಮಾಡಬಹುದು, ಆದರೆ ಆ ದಿನದ ಊಟಕ್ಕೆ ಮಾತ್ರ. ನಾಳೆಗೆಂದು ಇಂದು ಬೇಯಿಸುವಂತಿಲ್ಲ. ಶನಿವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನಲ್ಲಂತೂ ಬೇಯಿಸುವ ಮಾತೇ ಇಲ್ಲ. ಎರಡು ದಿನದ ಹಬ್ಬ ಗುರುವಾರ-ಶುಕ್ರವಾರ ಬಿದ್ದು ಮರುದಿನವೇ ಸಬ್ಬತ್ ಬಂದರೆ ಏನು ಗತಿ? ಅದಕ್ಕೆ ಹಿರಿಯರು ಒಂದು ದಾರಿ ಮಾಡಿಟ್ಟಿದ್ದರು. ಹಬ್ಬ ಹಿಡಿಯುವ ಮುನ್ನ, ಬುಧವಾರ ಸಂಜೆ, ಬೇಯಿಸಿದ ಒಂದು ಮೊಟ್ಟೆ ಮತ್ತು ಒಂದು ತುಂಡು ಬ್ರೆಡ್ಡನ್ನು ಸಬ್ಬತ್ತಿಗೆಂದು ಎತ್ತಿಡುವುದು. ಸಬ್ಬತ್ತಿನ ಅಡುಗೆ ಆಗಲೇ ಶುರುವಾಗಿದೆ, ಶುಕ್ರವಾರ ಮಾಡುವುದು ಅದರ ಮುಂದುವರಿಕೆ ಮಾತ್ರ ಎಂದು ಅದರ ಅರ್ಥ. ಎರೂವ್ ಎಂದು ಅದರ ಹೆಸರು. ಶುಕ್ರವಾರದ ಅಡುಗೆ ಆಗುವವರೆಗೆ ಆ ಮೊಟ್ಟೆ ಇರಬೇಕು. ಬ್ರೆಡ್ಡು ಉಳಿದರೂ ಮೊಟ್ಟೆ ಹೋದರೆ ಅಪ್ಪಣೆಯೂ ಹೋಯಿತು.

1984ರ ಆ ಶರತ್ಕಾಲದಲ್ಲಿ ಹಬ್ಬಗಳೆಲ್ಲ ಗುರುವಾರ-ಶುಕ್ರವಾರವೇ ಬಿದ್ದಿದ್ದವು. ಹೊಸ ವರ್ಷಕ್ಕೂ, ಚಪ್ಪರದ ಹಬ್ಬಕ್ಕೂ ಲಿಲಿಯಾನ್ ಮೊಟ್ಟೆ ಎತ್ತಿಟ್ಟಿದ್ದಳು, ಏನೂ ತೊಂದರೆಯಾಗಿರಲಿಲ್ಲ. ಕೊನೆಯ ಹಬ್ಬದಲ್ಲಿ, ಅದೂ ಇದೇ ವಾರ, ಹೀಗಾಯಿತು.

ಇದೇ ವಾರ ಎಂದರೆ ಮದಾಮ್ ಪಿಕಾರ್ ಮನೆಯಲ್ಲಿದ್ದ ವಾರ. ಲಿಲಿಯಾನ್‌ಳ ಮಗಳು ಕೋರಿನ್‌ಳನ್ನು ಮದುವೆಯಾಗಲಿದ್ದ ಜೆರಾರ್‌ನ ತಾಯಿ ಅವರು. ಮೆಟ್ಸ್ ಊರಿನ ವಿಧವೆ. ಮಗನನ್ನು ಪದ್ಧತಿಯಂತೆ ಬೇರೆ ಮನೆಯಲ್ಲಿ ಇಳಿಸಿ, ತಾವು ಬುಧವಾರದಿಂದ ಇಲ್ಲಿದ್ದರು. ಬೇಸಿಗೆಯಲ್ಲಿ ಮೆಟ್ಸ್‌ನಲ್ಲಿ ಮಾತುಕತೆ ನಡೆದಾಗ ಅವರು ಕಾಫಿ ಬಗ್ಗಿಸುತ್ತ, "ಆಲ್ಸೇಸಿನವರ ಮರಸೇಬಿನ ಕೂಗೆಲ್ ಬಗ್ಗೆ ಕೇಳಿ ಕೇಳಿ ಸಾಕಾಗಿದೆ, ತಿನ್ನೋಕೆ ಮಾತ್ರ ಸಿಕ್ಕಿಲ್ಲ" ಎಂದಿದ್ದರು. ಲಿಲಿಯಾನ್ ಅಲ್ಲೇ ಉತ್ತರ ಕೊಟ್ಟಿದ್ದಳು: "ಹಬ್ಬಕ್ಕೆ ಬನ್ನಿ. ನಮ್ಮಮ್ಮನ ಕೂಗೆಲ್ ಈಗ ಉಳಿದಿರೋದು ನನ್ನೊಬ್ಬಳ ಕೈಯಲ್ಲಿ."

ಒಣಗಿದ ಬ್ರೆಡ್ಡು, ಹೆಬ್ಬಾತಿನ ಕೊಬ್ಬು, ಮೊಟ್ಟೆ, ಗಟ್ಟಿ ಜಾತಿಯ ಸಣ್ಣ ಮರಸೇಬು. ಇವನ್ನು ಮಣ್ಣಿನ ಪಾತ್ರೆಯಲ್ಲಿ ಪದರ ಪದರವಾಗಿ ತುಂಬಿ ಶುಕ್ರವಾರ ಮಧ್ಯಾಹ್ನ ಸಣ್ಣ ಉರಿಯ ಓವನ್ನಿಗೆ ಇಟ್ಟರೆ ಶನಿವಾರ ಮಧ್ಯಾಹ್ನ ಹೊರಗೆ ಬರುವುದು ಕೂಗೆಲ್. ಆ ಮನೆತನದ ಹೆಂಗಸರು ಅದನ್ನು ತಾಯಿಯಿಂದ ಮಗಳಿಗೆ ಕೈಯಿಂದ ಕೈಗೆ ಕೊಟ್ಟುಕೊಂಡು ಬಂದಿದ್ದರು. ನಾಳೆ ಅದು ಮೇಜಿನ ಮೇಲೆ ಬರದಿದ್ದರೆ ಮದಾಮ್ ಪಿಕಾರ್ ಏನೂ ಅನ್ನುವವರಲ್ಲ. ತಲೆಯಾಡಿಸಿ ತಣ್ಣನೆಯ ಮೀನು ತಿಂದು ಮೆಟ್ಸ್‌ಗೆ ಹೋಗುತ್ತಾರೆ. ಆಮೇಲೆ ಅಲ್ಲಿ ಅನ್ನುತ್ತಾರೆ.

"ಆಲಿವ್ ಕಾಯಷ್ಟು ಉಳಿದಿದ್ರೂ ನಡೀತಿತ್ತಂತೆ," ಎಂದ ಗಾಸ್ತೋನ್ ಮೆಲ್ಲಗೆ.

"ಉಪ್ಪು ಉಳಿದಿದೆ."

"ಹಜ್ಜಾನರನ್ನ ಕೇಳೋಣ."

"ನಾನೇ ಕೇಳ್ತೀನಿ. ನೀನು ಇಲ್ಲೇ ಇದ್ದು ಏನನ್ನೂ ತಿನ್ನದೆ ಕೂತಿರು."

*

ಆಲ್ಸೇಸಿನಲ್ಲಿ ಝೋರ್ನ್ ಹೊಳೆಯ ದಂಡೆಯ ಆ ಸಣ್ಣ ಊರಿನಲ್ಲಿ ವಸಂತದಿಂದ ರಬ್ಬಿ, ಅಂದರೆ ಧರ್ಮಗುರು, ಇರಲಿಲ್ಲ. ಹಳೆಯ ರಬ್ಬಿ ನಿವೃತ್ತರಾಗಿ ಮಗಳ ಮನೆಗೆ ಹೋದ ಮೇಲೆ ಆ ಜಾಗಕ್ಕೆ ಯಾರೂ ಬಂದಿರಲಿಲ್ಲ. ಪ್ರಾರ್ಥನೆ ಹಾಡಿ ನಡೆಸುವ ಹಜ್ಜಾನ್ ನೋರ್ಡ್‌ಮನ್ ಒಬ್ಬರೇ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದರು. ಹಬ್ಬವಾದ್ದರಿಂದ ಸ್ಟ್ರಾಸ್‌ಬರ್ಗ್‌ಗೆ ಫೋನು ಮಾಡಿ ಕೇಳುವಂತೆಯೂ ಇರಲಿಲ್ಲ. ಲಿಲಿಯಾನ್ ಕೋಟು ಹಾಕಿಕೊಂಡು ನಡೆದೇ ಹೋದಳು. ಹಜ್ಜಾನರು ಸಿನಗಾಗ್‌ನ ಅಂಗಳದಲ್ಲಿ ಬಿದ್ದ ಎಲೆಗಳನ್ನು ಕಾಲಿನಿಂದ ಬದಿಗೆ ಸರಿಸುತ್ತ ನಿಂತಿದ್ದರು. ಹಬ್ಬದಲ್ಲಿ ಪೊರಕೆ ಹಿಡಿಯುವಂತಿರಲಿಲ್ಲ.

ಅವರು ಪೂರ್ತಿ ಕೇಳಿಸಿಕೊಂಡರು.

"ರಬ್ಬಿ ಇದ್ದಾಗ ತಮ್ಮ ಎರೂವ್‌ನಲ್ಲಿ ಇಡೀ ಊರನ್ನ ಸೇರಿಸಿಕೊಳ್ತಿದ್ರು," ಎಂದರು. "ಮರೆತವರು, ಕಳಕೊಂಡವರು, ಗಂಡನ ಹೊಟ್ಟೆಗೆ ಹಾಕಿದವರು, ಎಲ್ಲರಿಗೂ ಆಗ್ತಿತ್ತು."

"ಈ ಸಲ ನೀವು ಸೇರಿಸ್ಕೊಂಡಿಲ್ವಾ?"

"ನನ್ನ ಮನೆಗೆ ಮಾತ್ರ ಹೇಳಿಕೊಂಡೆ. ಊರಿನ ಪರವಾಗಿ ಹೇಳೋಕೆ ನಾನ್ಯಾರು ಅನ್ನಿಸ್ತು. ತಪ್ಪಾಯ್ತು ಅಂತ ಈಗ ಅನ್ನಿಸ್ತಿದೆ."

"ಹಾಗಾದ್ರೆ?"

"ಇವತ್ತಿನ ಮಧ್ಯಾಹ್ನದ ಊಟಕ್ಕೆ ಧಾರಾಳವಾಗಿ ಮಾಡಿ. ಸೂಪು ಒಂದು ದೊಡ್ಡ ಪಾತ್ರೆ ಮಾಡಿದ್ರೆ ಉಳಿದದ್ದು ರಾತ್ರಿಗೆ ಆಯ್ತು. ಅದಕ್ಕೆ ಅಡ್ಡಿಯಿಲ್ಲ."

"ನಾನು ಕೇಳ್ತಿರೋದು ಕೂಗೆಲ್ ವಿಷಯ, ಹಜ್ಜಾನರೇ."

"ಕೂಗೆಲ್ ಕತ್ತಲಾಗೋದ್ರೊಳಗೆ ಬೇಯುತ್ತಾ?"

"ಇಲ್ಲ."

"ಹಾಗಾದ್ರೆ ಅದು ಇವತ್ತಿನ ಊಟ ಅಂತ ಹೇಳೋಕೆ ಬರಲ್ಲ." ಅವರು ಕನ್ನಡಕ ತೆಗೆದು ಒರೆಸಿದರು. "ಒಂದು ದಾರಿ ಇದೆ. ಎರೂವ್ ಇರೋ ಇನ್ನೊಬ್ಬರಿಗೆ ನಿಮ್ಮ ಸಾಮಾನೆಲ್ಲ ಕೊಟ್ಟುಬಿಡಬೇಕು. ಸುಮ್ಮನೆ ಹೆಸರಿಗೆ ಅಲ್ಲ, ನಿಜವಾಗಿ. ಅವರು ಅದನ್ನ ಕೈಯಾರ ಎತ್ತಿಕೊಂಡು ತಮ್ಮದು ಮಾಡಿಕೋಬೇಕು. ಆಮೇಲೆ ಅವರು ಬೇಯಿಸಬಹುದು, ನೀವು ಊಟ ಮಾಡಬಹುದು. ನೀವು ಮಾತ್ರ ಕೈ ಹಾಕೋ ಹಾಗಿಲ್ಲ. ಒಂದು ಚಮಚ ಕೂಡ ತಿರುಗಿಸೋ ಹಾಗಿಲ್ಲ."

ಊರಿನಲ್ಲಿ ಈ ಕಟ್ಟಳೆಗಳನ್ನು ಪಾಲಿಸುವ ಮನೆಗಳು ಮೂರೇ ಉಳಿದಿದ್ದವು. ಒಂದು ಲಿಲಿಯಾನ್‌ಳದು. ಇನ್ನೊಂದು ಹಜ್ಜಾನರದು.

"ನೀವು ಮಾಡಿಕೊಡ್ತೀರಾ?"

"ನಂಗೆ ಪೊಟ್ಟಣದ ಸೂಪಿಗೆ ಬಿಸಿನೀರು ಹಾಕೋಕೆ ಬರುತ್ತೆ. ಹೆಂಡತಿ ಹೋದ ಮೇಲೆ ಅಷ್ಟೇ ಕಲಿತಿದ್ದು." ಅವರು ಕನ್ನಡಕ ಮತ್ತೆ ಏರಿಸಿ ಅವಳನ್ನು ನೇರವಾಗಿ ನೋಡಿದರು. "ಮದಾಮ್ ವುರ್ಮ್ಸರ್, ಯಾರ ಮನೆಗೆ ಹೋಗಬೇಕು ಅಂತ ನಿಮಗೂ ಗೊತ್ತು, ನಂಗೂ ಗೊತ್ತು. ನನ್ನ ಬಾಯಲ್ಲಿ ಯಾಕೆ ಹೇಳಿಸ್ತೀರಿ?"

ಮೂರನೆಯ ಮನೆ ಫೆರ್ನಾಂದಳದು. ಫೆರ್ನಾಂದ್ ಲಿಲಿಯಾನ್‌ಳ ಅಕ್ಕ, ಹನ್ನೆರಡು ವರ್ಷಕ್ಕೆ ದೊಡ್ಡವಳು.

*

ಅಕ್ಕತಂಗಿಯರ ನಡುವೆ ಮಾತು ನಿಂತು ಒಂಬತ್ತು ವರ್ಷವಾಗಿತ್ತು. ತಾಯಿ ತೀರಿಕೊಂಡ ವಾರ, ಇಬ್ಬರೂ ಸೂತಕದಲ್ಲಿ ತಗ್ಗಿನ ಮಣೆಗಳ ಮೇಲೆ ಅಕ್ಕಪಕ್ಕ ಕೂತಿದ್ದಾಗ, ನೋಡಲು ಬಂದ ನೆರೆಯವಳೊಬ್ಬಳು ಆ ತಾಯಿಯ ಕೂಗೆಲ್ಲಿನ ಹದವನ್ನು ಕೇಳಿದಳು. "ಸಕ್ಕರೆ, ದಾಲ್ಚಿನ್ನಿ," ಎಂದಳು ಲಿಲಿಯಾನ್. "ಹುರಿದ ಈರುಳ್ಳಿ, ಕರಿಮೆಣಸು," ಎಂದಳು ಫೆರ್ನಾಂದ್. ಇಬ್ಬರೂ ಒಟ್ಟಿಗೇ ಹೇಳಿದ್ದರು. ನೆರೆಯವಳು ನಕ್ಕಳು. ಅವರು ನಗಲಿಲ್ಲ. ಮದುವೆಯಾಗಿ ಮುಲೂಸ್ ಸೇರಿದವಳಿಗೆ ಅಮ್ಮನ ಅಡುಗೆ ಏನು ಗೊತ್ತು ಎಂದು ತಂಗಿ ಕೇಳಿದಳು. ನೀನಿನ್ನೂ ತೊಟ್ಟಿಲಲ್ಲಿದ್ದಾಗ ಆ ಪಾತ್ರೆ ತುಂಬುತ್ತಿದ್ದವಳು ನಾನು ಎಂದು ಅಕ್ಕ ಹೇಳಿದಳು. ಸೂತಕ ಮುಗಿಯುವ ಹೊತ್ತಿಗೆ ಕೂಗೆಲ್ ಬಿಟ್ಟು ಬೇರೆ ಮಾತುಗಳೂ ಬಂದುಹೋಗಿದ್ದವು. ಆಸ್ಪತ್ರೆಯಲ್ಲಿ ಯಾರು ಕೂತಿದ್ದರು, ಯಾರು ಕೂತಿರಲಿಲ್ಲ ಎಂಬುದು. ತಾಯಿಯ ಮನೆಯೂ ಮಣ್ಣಿನ ಪಾತ್ರೆಯೂ ಲಿಲಿಯಾನ್‌ಗೆ ಉಳಿದವು. ಆಮೇಲೆ ಗಂಡ ತೀರಿಕೊಂಡು ಫೆರ್ನಾಂದ್ ಊರಿಗೆ ಮರಳಿದಳು, ಎರಡು ಬೀದಿ ಆಚೆ ಮನೆ ಹಿಡಿದಳು. ಸಿನಗಾಗ್‌ನ ಮೆಟ್ಟಿಲ ಮೇಲೆ ಎದುರಾದರೆ ಇಬ್ಬರೂ ಸಬ್ಬತ್ತಿನ ಶುಭಾಶಯ ಹೇಳುತ್ತಿದ್ದರು. ಅಷ್ಟೇ.

ಲಿಲಿಯಾನ್ ಮನೆಗೆ ಬಂದು ಬುಟ್ಟಿ ತುಂಬಿದಳು. ಬ್ರೆಡ್ಡು, ಕೊಬ್ಬಿನ ಭರಣಿ, ಮೊಟ್ಟೆಗಳು, ಮರಸೇಬು, ಸಕ್ಕರೆ, ದಾಲ್ಚಿನ್ನಿ. ಹಬ್ಬದ ದಿನ ಬೀದಿಯಲ್ಲಿ ತಿನ್ನುವ ಸಾಮಾನು ಹೊತ್ತೊಯ್ಯಲು ಅಡ್ಡಿಯಿರಲಿಲ್ಲ. ಅವಳ ಲೆಕ್ಕ ಸರಳವಾಗಿತ್ತು. ಫೆರ್ನಾಂದಳ ಕೈಗೆ ಬುಟ್ಟಿ ಕೊಡುವುದು. ಅವಳನ್ನು ತನ್ನ ಅಡುಗೆಮನೆಗೆ ಕರೆತರುವುದು. ತಾನು ಪಕ್ಕದಲ್ಲಿ ನಿಂತು ಬಾಯಲ್ಲಿ ಹೇಳುವುದು. ಕೈ ಅಕ್ಕನದು, ಕೂಗೆಲ್ ತನ್ನದು.

ಅಷ್ಟರಲ್ಲಿ ಮದಾಮ್ ಪಿಕಾರ್ ಮೆಟ್ಟಿಲಿಳಿದು ಬಂದರು.

"ಇವೇನಾ ಆ ಮರಸೇಬು? ಇಷ್ಟು ಸಣ್ಣವು? ನಾನೂ ಸಿಪ್ಪೆ ತೆಗೀತೀನಿ, ಕೊಡಿ. ಕೈ ಕಟ್ಟಿ ಕೂತು ಅಭ್ಯಾಸ ಇಲ್ಲ ನಂಗೆ."

"ಬೇಡ ಮದಾಮ್, ನೀವು ಅತಿಥಿಗಳು."

"ಬುಟ್ಟಿ ಎಲ್ಲಿಗೆ ಹೊರಟಿತು?"

"ಅಕ್ಕನ ಮನೆಗೆ."

"ನಿಮಗೆ ಅಕ್ಕ ಇದ್ದಾರಾ?" ಎಂದರು ಮದಾಮ್ ಪಿಕಾರ್. ಆಮೇಲೆ ಯಾಕೋ ಮರಸೇಬುಗಳ ಬಗ್ಗೆಯೇ ಮಾತಾಡಿದರು.

*

ಫೆರ್ನಾಂದ್ ಬಾಗಿಲು ತೆರೆದು ಮೊದಲು ಬುಟ್ಟಿಯನ್ನು ನೋಡಿದಳು, ಆಮೇಲೆ ತಂಗಿಯನ್ನು.

"ಯಾರು ಸತ್ತರು?"

"ಯಾರೂ ಇಲ್ಲ. ಗಾಸ್ತೋನ್ ಎರೂವ್ ಮೊಟ್ಟೆ ತಿಂದುಬಿಟ್ಟ."

ಫೆರ್ನಾಂದಳ ಮುಖದಲ್ಲಿ ಏನೋ ಕದಲಿತು. ಅದು ನಗುವಾಗುವ ಮೊದಲೇ ಅವಳು ತಡೆದುಕೊಂಡಳು. "ಒಳಗೆ ಬಾ. ಬುಟ್ಟಿ ಕೆಳಗಿಡು. ಇಲ್ಲ, ಮೇಜಿನ ಮೇಲೆ ಬೇಡ. ನೆಲದ ಮೇಲೆ."

ಲಿಲಿಯಾನ್ ನಿಂತುಕೊಂಡೇ ವಿಷಯ ಹೇಳಿದಳು. ಹಜ್ಜಾನರು ಹೇಳಿದ್ದು, ಸಾಮಾನು ಕೊಡುವುದು, ಬಂದು ಮಾಡಿಕೊಡುವುದು. ದಯವಿಟ್ಟು ಎಂಬ ಮಾತು ಎರಡು ಸಲ ಬಂತು.

"ಮದಾಮ್ ಪಿಕಾರ್‌ಗೆ ಏನಂತ ಹೇಳಿದ್ದೀಯ?" ಎಂದು ಕೇಳಿದಳು ಫೆರ್ನಾಂದ್.

"ಯಾವುದರ ಬಗ್ಗೆ?"

"ಅಮ್ಮನ ಕೂಗೆಲ್ ನಿನ್ನೊಬ್ಬಳ ಕೈಯಲ್ಲಿ ಉಳಿದಿದೆ ಅಂದೆಯಂತೆ. ಜೆರಾರ್ ಹಜ್ಜಾನರ ಮನೇಲಿ ಇಳಕೊಂಡಿದ್ದಾನಲ್ಲ, ಅಲ್ಲಿ ಹೇಳಿದ್ದಾನೆ. ಹಜ್ಜಾನರಿಗೆ ಹೊಟ್ಟೇಲಿ ಮಾತು ನಿಲ್ಲಲ್ಲ."

ಲಿಲಿಯಾನ್ ಬುಟ್ಟಿಯನ್ನು ಕಾಲಿನಿಂದ ಅಕ್ಕನ ಕಡೆಗೆ ಸರಿಸಿದಳು.

"ಸರಿ," ಎಂದಳು ಫೆರ್ನಾಂದ್. "ಕೊಡು."

"ಎತ್ತಿಕೋ."

"ಸುಮ್ಮನೆ ಎತ್ತಿಕೊಂಡ್ರೆ ಆಗಲ್ಲ. ಬಾಯಿಬಿಟ್ಟು ಹೇಳು. ಪೂರ್ತಿ ಕೊಟ್ಟೆ, ವಾಪಸ್ ಕೇಳಲ್ಲ ಅಂತ. ಶಾಸ್ತ್ರ ಅಂದ್ರೆ ಶಾಸ್ತ್ರ."

"ಪೂರ್ತಿ ಕೊಟ್ಟೆ."

"ವಾಪಸ್?"

"ಕೇಳಲ್ಲ."

ಫೆರ್ನಾಂದ್ ಬಗ್ಗಿ, ಒಂದು ಕೈ ಸೊಂಟಕ್ಕೆ ಕೊಟ್ಟು, ಇನ್ನೊಂದರಿಂದ ಬುಟ್ಟಿಯನ್ನು ಎತ್ತಿದಳು. ಎದೆಯ ಮಟ್ಟಕ್ಕೆ ಏರಿಸಿ ಒಂದು ಕ್ಷಣ ಹಿಡಿದು ನಿಂತಳು. ಆಮೇಲೆ ತನ್ನ ಅಡುಗೆಮನೆಯ ಮೇಜಿನ ಮೇಲಿಟ್ಟಳು.

"ಬಾ ಹಾಗಾದ್ರೆ, ಹೋಗೋಣ," ಎಂದಳು ಲಿಲಿಯಾನ್. "ನನ್ನ ಓವನ್ ಬುಧವಾರದಿಂದ ಉರೀತಿದೆ." ಹಬ್ಬದಲ್ಲಿ ಹೊಸದಾಗಿ ಬೆಂಕಿ ಹೊತ್ತಿಸುವಂತಿರಲಿಲ್ಲ.

"ನಂದೂ ಉರೀತಿದೆ. ಇಲ್ಲೇ ಮಾಡ್ತೀನಿ."

"ಇಲ್ಲಿ ಮಾಡಿದ್ರೆ..." ಲಿಲಿಯಾನ್ ಮಾತು ನಿಲ್ಲಿಸಿದಳು.

ಇಲ್ಲಿ ಮಾಡಿದರೆ ಕೂಗೆಲ್ ಇಲ್ಲೇ ಇರುತ್ತದೆ. ಶುಕ್ರವಾರ ಹೊತ್ತು ಮುಳುಗಿದ ಮೇಲೆ ಸಬ್ಬತ್. ಸಬ್ಬತ್ತಿನಲ್ಲಿ ಮನೆಯಿಂದ ಬೀದಿಗೆ ಒಂದು ಕರವಸ್ತ್ರವನ್ನೂ ಹೊತ್ತೊಯ್ಯುವಂತಿಲ್ಲ, ಬಿಸಿ ಪಾತ್ರೆಯ ಮಾತು ದೂರವೇ ಉಳಿಯಿತು. ಅದನ್ನು ತಿನ್ನಬೇಕಾದರೆ ತಿನ್ನುವವರೇ ಅದು ಇರುವಲ್ಲಿಗೆ ನಡೆದು ಬರಬೇಕು. ಲಿಲಿಯಾನ್ ತನ್ನ ಬೀಗಿತ್ತಿಯಾಗುವವರನ್ನು ಕರೆದುಕೊಂಡು ಈ ಮನೆಯ ಹೊಸ್ತಿಲು ದಾಟಿ, ಈ ಮೇಜಿಗೆ, ಅತಿಥಿಯಾಗಿ ಬರಬೇಕು.

"ಏಳು ಜನಕ್ಕೆ ಜಾಗ ಇದೆ," ಎಂದಳು ಫೆರ್ನಾಂದ್. "ಆರು ಜನ ನೀವು, ಹಜ್ಜಾನರನ್ನ ಸೇರಿಸಿ. ಏಳನೆಯವಳು ನಾನು."

"ಅಕ್ಕ, ಇದು ಸರಿಯಲ್ಲ."

"ಯಾವುದು ಸರಿಯಲ್ಲ? ನನ್ನ ಸಾಮಾನು, ನನ್ನ ಒಲೆ. ಬೇಡ ಅಂದ್ರೆ ಬರಬೇಡ. ಒಬ್ಬಳೇ ತಿಂತೀನಿ, ವಾರವಿಡೀ ತಿಂತೀನಿ." ಅವಳು ಬುಟ್ಟಿಯಿಂದ ಮರಸೇಬುಗಳನ್ನು ಒಂದೊಂದಾಗಿ ತೆಗೆದು ಸಾಲಾಗಿ ಜೋಡಿಸತೊಡಗಿದಳು. "ಒಂದು ವಿಷಯ. ನನ್ನ ಪಾತ್ರೆ ಚಿಕ್ಕದು."

ಅಕ್ಕ ಕೇಳುತ್ತಿರುವುದು ಏನೆಂದು ಲಿಲಿಯಾನ್‌ಗೆ ತಿಳಿಯಿತು. ಮನೆಗೆ ಹೋಗಿ ಅಮ್ಮನ ಮಣ್ಣಿನ ಪಾತ್ರೆಯನ್ನು ತೋಳಿನಲ್ಲಿ ಅವುಚಿಕೊಂಡು ಮತ್ತೆ ಬಂದಳು. ಅದನ್ನು ಕೊಡುವಾಗ, "ಇದು ಎರವಲು," ಎಂದಳು.

"ಪಾತ್ರೆಗೆ ಶಾಸ್ತ್ರ ಇಲ್ಲ. ಎರವಲೇ ಇರಲಿ."

*

ಹೋಗಬಹುದಾಗಿತ್ತು. ಸಿನಗಾಗ್‌ನಲ್ಲಿ ಪ್ರಾರ್ಥನೆ ಶುರುವಾಗಿತ್ತು, ಕೋರಿನ್ ಆಗಲೇ ಅಲ್ಲಿದ್ದಳು, ಮಧ್ಯಾಹ್ನದ ಸೂಪು ಗಾಸ್ತೋನ್‌ನ ಕಾವಲಿನಲ್ಲಿ ಕುದಿಯುತ್ತಿತ್ತು. ಲಿಲಿಯಾನ್ ಅಡುಗೆಮನೆಯ ಬಾಗಿಲಲ್ಲೇ ನಿಂತಳು.

ಫೆರ್ನಾಂದ್ ಬ್ರೆಡ್ಡನ್ನು ನೀರಿನಲ್ಲಿ ನೆನೆಸಿ ಹಿಂಡಿದಳು. ಎರಡು ಅಂಗೈಗಳ ನಡುವೆ ಒತ್ತಿ, ಮುಷ್ಟಿ ಮುಚ್ಚಿ, ಕೊನೆಯಲ್ಲಿ ಮಣಿಕಟ್ಟು ತಿರುವಿ. ಲಿಲಿಯಾನ್ ಹಿಂಡುವುದೂ ಹಾಗೆಯೇ. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನೋಡಿ ಕಲಿತದ್ದು. ಅಕ್ಕನ ಕೈಯಲ್ಲಿ ಅದನ್ನು ಕಂಡಾಗ ಯಾರೋ ತನ್ನ ಕೋಟು ತೊಟ್ಟು ಓಡಾಡುತ್ತಿರುವಂತೆ ಆಯಿತು.

ಮೊಟ್ಟೆ ಒಡೆದಳು. ಪ್ರತಿಯೊಂದನ್ನೂ ಮೊದಲು ಗಾಜಿನ ಲೋಟಕ್ಕೆ ಬಿಟ್ಟು, ರಕ್ತದ ಚುಕ್ಕೆ ಇಲ್ಲವೆಂದು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಬೋಗುಣಿಗೆ ಸುರಿದಳು. ಕೊಬ್ಬು ಹಾಕಿದಳು. ನಂತರ ಬುಟ್ಟಿಯಿಂದ ಸಕ್ಕರೆ, ದಾಲ್ಚಿನ್ನಿಯ ಪೊಟ್ಟಣಗಳನ್ನು ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಕಪಾಟಿನಿಂದ ಈರುಳ್ಳಿಗಳನ್ನು ತೆಗೆದಳು.

"ಬೇಡ," ಎಂದಳು ಲಿಲಿಯಾನ್.

ಫೆರ್ನಾಂದ್ ಚಾಕು ಹಿಡಿದು ತಿರುಗಿದಳು. "ಏನು ಬೇಡ?"

"ಈರುಳ್ಳಿ ಬೇಡ. ನಾನು ಅವರಿಗೆ ಹೇಳಿದ್ದೀನಿ, ಸಿಹಿ ಇರುತ್ತೆ ಅಂತ."

"ಈ ಬ್ರೆಡ್ ಯಾರದು?"

"ಅಕ್ಕ."

"ಕೇಳಿದ್ದಕ್ಕೆ ಹೇಳು. ಯಾರದು?"

"ನಿಂದು."

"ಮರಸೇಬು?"

"ನಿಂದೇ."

"ಇಲ್ಲ, ನಂದಲ್ಲ, ಸುಮ್ಮನೆ ಕೊಟ್ಟ ಹಾಗೆ ಮಾಡಿದೆ ಅಂತೀಯಾ? ಹೇಳು. ಆಗ ನಾನು ಚಾಕು ಕೆಳಗಿಡ್ತೀನಿ. ಯಾಕಂದ್ರೆ ನಂದಲ್ಲದ್ದನ್ನ ನಾಳೆಗೆ ಅಂತ ಬೇಯಿಸಿದ್ರೆ ಪಾಪ ನನ್ನ ತಲೆ ಮೇಲೆ. ನಿಂಗೆ ಕೂಗೆಲ್ಲೂ ಇಲ್ಲ, ನಂಗೆ ಪಾಪಾನೂ ಇಲ್ಲ."

ಲಿಲಿಯಾನ್ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅವಳಿಗೆ ಹೇಳಬೇಕೆನಿಸಿತು. ಒಂದೇ ಮಾತು ಸಾಕಿತ್ತು, ಎಲ್ಲವೂ ನಿಂತುಹೋಗುತ್ತಿತ್ತು. ಆದರೆ ಬೆಳಿಗ್ಗೆ ಕೊಟ್ಟದ್ದನ್ನು ಕೊಟ್ಟಿಲ್ಲವೆಂದರೆ ಅದು ಸುಳ್ಳು. ಅದಕ್ಕಿಂತ ಹೆಚ್ಚಾಗಿ, ಆಗ ಪಾತ್ರೆಯನ್ನು ಖಾಲಿಯಾಗಿ ಮನೆಗೆ ಹೊತ್ತೊಯ್ಯಬೇಕಿತ್ತು.

"ನಿಂದೇ," ಎಂದಳು ಮತ್ತೆ.

"ಹಾಗಾದ್ರೆ ಕಣ್ಣು ಉರಿಯುತ್ತೆ, ಹಿಂದೆ ಸರಿ," ಎಂದು ಫೆರ್ನಾಂದ್ ಈರುಳ್ಳಿಯನ್ನು ಇಬ್ಭಾಗ ಮಾಡಿದಳು.

*

ಆ ಸಂಜೆ ಲಿಲಿಯಾನ್ ಸಬ್ಬತ್ತಿನ ದೀಪ ಹಚ್ಚಿ, ಉಳಿದ ಸೂಪನ್ನೂ ತಣ್ಣನೆಯ ಮೀನನ್ನೂ ಬಡಿಸಿದಳು. ಮದಾಮ್ ಪಿಕಾರ್ ಮೀನನ್ನು ಹೊಗಳಿದರು, ಓವನ್ನಿನಿಂದ ಯಾವ ವಾಸನೆಯೂ ಬರುತ್ತಿಲ್ಲವೆಂಬುದನ್ನು ಗಮನಿಸಿದರು, ಕೇಳಲಿಲ್ಲ. ಮಗಳು ಕೇಳಿದಳು.

"ಅಮ್ಮ, ಕೂಗೆಲ್ ಎಲ್ಲಿ?"

"ಇದೆ," ಎಂದಳು ಲಿಲಿಯಾನ್.

ಎಲ್ಲಿ ಎಂದು ಹೇಳಲಿಲ್ಲ. ಇನ್ನೂ ತೀರ್ಮಾನ ಮಾಡಿರಲಿಲ್ಲ. ಹೋಗದೆಯೂ ಇರಬಹುದು. ಮೀನು ಇನ್ನೂ ಇತ್ತು, ಬ್ರೆಡ್ಡು ಇತ್ತು, ಗಂಡ ಎರೂವ್ ತಿಂದ ಕಥೆಯನ್ನು ತಮಾಷೆಯಾಗಿ ಹೇಳಿದರೆ ಮದಾಮ್ ಪಿಕಾರ್ ನಗಲೂಬಹುದು. ಕೂಗೆಲ್ ಇಲ್ಲವೆನ್ನಿಸಿಕೊಳ್ಳುವುದು ಒಂದು ಕಡೆ. ಈರುಳ್ಳಿಯ ಕೂಗೆಲ್ಲನ್ನು ಅಮ್ಮನದೆಂದು ಅಕ್ಕನ ಮನೆಯಲ್ಲಿ ಕೂತು ತಿನ್ನುವುದು ಇನ್ನೊಂದು ಕಡೆ. ಯಾವುದು ಕಡಿಮೆ ಅವಮಾನ ಎಂದು ತೂಗಿದಳು. ತೂಕ ಸಮವಾಗಿಯೇ ನಿಂತಿತು.

ಶನಿವಾರ ಪ್ರಾರ್ಥನೆ ಮುಗಿಯಿತು. ಫೆರ್ನಾಂದ್ ಮೆಟ್ಟಿ‌ಲ ಮೇಲೆ ಎಂದಿನಂತೆ ಸಬ್ಬತ್ತಿನ ಶುಭಾಶಯ ಹೇಳಿ, ಬೇರೇನೂ ಹೇಳದೆ ಮುಂದೆ ಹೋದಳು. ಹಜ್ಜಾನರೂ ಜೆರಾರೂ ಅವಳ ಹಿಂದೆಯೇ ಹೊರಟರು. ಉಳಿದವರು ಮೂಲೆಗೆ ಬಂದರು. ಎಡಕ್ಕೆ ಲಿಲಿಯಾನ್‌ಳ ಮನೆ, ಬಲಕ್ಕೆ ಹೊಳೆಯ ಬದಿಯ ಬೀದಿ.

ಗಾಸ್ತೋನ್ ಎಡಕ್ಕೆ ತಿರುಗಿದ.

"ಈ ಕಡೆ," ಎಂದಳು ಲಿಲಿಯಾನ್.

"ಎಲ್ಲಿಗೆ?" ಎಂದು ಕೇಳಿದರು ಮದಾಮ್ ಪಿಕಾರ್.

"ಊಟ ಅಕ್ಕನ ಮನೇಲಿ."

ಗಾಸ್ತೋನ್ ಹೆಂಡತಿಯನ್ನು ನೋಡಿದ. ಬಲಕ್ಕೆ ಬಂದ. ಬಾಯಿ ಮುಚ್ಚಿಕೊಂಡಿರುವುದು ಕೆಲವು ಸಲ ಅವನಿಗೂ ಬರುತ್ತಿತ್ತು.

ಮೇಜಿನ ಮೇಲೆ ಬಿಳಿ ಬಟ್ಟೆ, ಇಸ್ತ್ರಿಯ ಗೆರೆಗಳು ಇನ್ನೂ ಎದ್ದು ಕಾಣುತ್ತಿದ್ದವು. ಮದಾಮ್ ಪಿಕಾರ್‌ಗೆ ತಲೆಯ ಕಡೆಯ ಕುರ್ಚಿ. ಲಿಲಿಯಾನ್‌ಗೆ ಅಕ್ಕನ ಎದುರು. ದ್ರಾಕ್ಷಾರಸದ ಪ್ರಾರ್ಥನೆಯಾಯಿತು, ಬ್ರೆಡ್ಡು ಮುರಿದಾಯಿತು, ಮೀನು ಬಂದು ಹೋಯಿತು. ಆಮೇಲೆ ಫೆರ್ನಾಂದ್ ಎರಡು ಬಟ್ಟೆಗಳಿಂದ ಹಿಡಿದುಕೊಂಡು ಪಾತ್ರೆಯನ್ನು ತಂದಿಟ್ಟು ಮುಚ್ಚಳ ತೆಗೆದಳು.

ಬಣ್ಣ ಹೊರಸುತ್ತಿನಲ್ಲಿ ಗಾಢ ಕಂದು, ನಡುವೆ ಜೇನಿನಂತೆ. ಮರಸೇಬುಗಳು ಕುಗ್ಗಿ ಕೆಂಪಾಗಿದ್ದವು. ವಾಸನೆಯಲ್ಲಿ ಕೊಬ್ಬಿತ್ತು, ಹಣ್ಣಿತ್ತು, ಮೆಣಸಿತ್ತು. ದಾಲ್ಚಿನ್ನಿ ಇರಲಿಲ್ಲ.

ಫೆರ್ನಾಂದ್ ಮೊದಲು ಅತಿಥಿಗೆ ಬಡಿಸಿದಳು. ಮದಾಮ್ ಪಿಕಾರ್ ಒಂದು ತುತ್ತು ತಿಂದರು. ಅಗಿದರು. ಇನ್ನೊಂದು ತುತ್ತು ತಿಂದರು. ಉಳಿದವರ ತಟ್ಟೆಗಳಿಗೆ ಇನ್ನೂ ಬಡಿಸಿ ಆಗಿರಲಿಲ್ಲ; ಎಲ್ಲರೂ ಅವರ ಬಾಯನ್ನೇ ನೋಡುತ್ತಿದ್ದರು.

"ಮದಾಮ್ ವುರ್ಮ್ಸರ್," ಎಂದರು ಅವರು ಲಿಲಿಯಾನ್ ಕಡೆ ತಿರುಗಿ, "ನೀವು ಹೇಳಿದಾಗ ನಾನು ನಂಬಿರಲಿಲ್ಲ, ಮುಚ್ಚಿಡಲ್ಲ. ಈಗ ನಂಬಿದೆ. ಇದು ನಿಜವಾಗ್ಲೂ ನಿಮ್ಮ ಕೈಯಲ್ಲಿ ಮಾತ್ರ ಇರೋ ಅಂಥದ್ದೇ."

ಫೆರ್ನಾಂದಳ ಸೌಟು ಪಾತ್ರೆಯ ಅಂಚಿನ ಮೇಲೆ ನಿಂತಿತು. ಅವಳು ತಂಗಿಯನ್ನು ನೋಡಲಿಲ್ಲ, ಪಾತ್ರೆಯನ್ನೇ ನೋಡುತ್ತಿದ್ದಳು. ತಾನಾಗಿ ಏನೂ ಹೇಳುವುದಿಲ್ಲವೆಂಬುದು ಅವಳ ಭುಜಗಳಲ್ಲೇ ಕಾಣುತ್ತಿತ್ತು.

ಲಿಲಿಯಾನ್‌ಗೆ ಧನ್ಯವಾದ ಎಂದರೆ ಸಾಕಿತ್ತು. ಅಕ್ಕನ ಓವನ್ ದೊಡ್ಡದು, ಅದಕ್ಕೇ ಇಲ್ಲಿ ಇಟ್ಟೆ ಎನ್ನಬಹುದಿತ್ತು. ಗಾಸ್ತೋನ್ ಹೌದೆಂದು ತಲೆಯಾಡಿಸುತ್ತಿದ್ದ. ಹಜ್ಜಾನರು ಕೂಡ ಅತಿಥಿಯ ಎದುರು ಬಾಯಿ ಬಿಡುತ್ತಿರಲಿಲ್ಲ.

"ನಂದಲ್ಲ," ಎಂದಳು ಲಿಲಿಯಾನ್.

"ಏನು?"

"ಕೂಗೆಲ್ ನಂದಲ್ಲ, ಅಕ್ಕಂದು. ಸಾಮಾನು ಅವಳದು, ಕೈಯೂ ಅವಳದೇ. ನಾನು ಒಂದು ಚಮಚ ಕೂಡ ತಿರುಗಿಸಿಲ್ಲ." ಒಂದು ಗುಟುಕು ನೀರು ಕುಡಿದಳು. "ನನ್ನೊಬ್ಬಳ ಕೈಯಲ್ಲಿ ಉಳಿದಿದೆ ಅಂತ ನಿಮಗೆ ಹೇಳಿದ್ದು ತಪ್ಪು. ಇವಳ ಕೈಯಲ್ಲೂ ಇದೆ."

ಫೆರ್ನಾಂದ್ ಸೌಟನ್ನು ಮತ್ತೆ ಪಾತ್ರೆಗೆ ಇಳಿಸಿ, ಹಜ್ಜಾನರ ತಟ್ಟೆಗೆ ಬೇಕಾದದ್ದಕ್ಕಿಂತ ತುಂಬ ಹೆಚ್ಚು ಹಾಕಿದಳು.

"ನಿನ್ನೆ ಬೆಳಿಗ್ಗೆವರೆಗೂ ಅವಳದೇ ಇತ್ತು," ಎಂದಳು ಆಮೇಲೆ. "ಇವಳ ಗಂಡನ ಹಸಿವಿಂದ ನನ್ನ ಪಾಲಿಗೆ ಬಂತು." ಮತ್ತು ಮೊಟ್ಟೆಯ ಕಥೆಯನ್ನು ಪೂರ್ತಿ ಹೇಳಿದಳು. ಮದಾಮ್ ಪಿಕಾರ್ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು; ಗಾಸ್ತೋನ್ ಕಿವಿಯವರೆಗೂ ಕೆಂಪಾದ.

ಕೊನೆಗೆ ಲಿಲಿಯಾನ್ ತುತ್ತು ಬಾಯಿಗಿಟ್ಟಳು. ಅಮ್ಮನ ಕೂಗೆಲ್ಲಿನ ರುಚಿ ಅವಳ ನೆನಪಿನಲ್ಲಿ ಸಿಹಿಯಾಗಿತ್ತು, ಇದು ಸಿಹಿಯಲ್ಲ. ಆದರೆ ಹಣ್ಣು ಬ್ರೆಡ್ಡಿಗೆ ತಾಕುವ ಜಾಗದ ಮೆದು, ಹಲ್ಲಿಗೆ ಸಿಗುವ ಹೊರಸುತ್ತಿನ ಗಟ್ಟಿ, ಎರಡೂ ಅವಳಿಗೆ ಚೆನ್ನಾಗಿ ಗೊತ್ತಿದ್ದವು. ಇದು ಅಮ್ಮನದಲ್ಲ ಎಂದು ಹೇಳಲು ಬಾಯಿ ತೆರೆದರೆ ಬಾಯಿ ತುಂಬ ಅದೇ ಇತ್ತು.

"ಸಿಹಿ ಇರುತ್ತೆ ಅಂದಿದ್ರಲ್ಲ ನೀವು?" ಎಂದು ಕೇಳಿದರು ಮದಾಮ್ ಪಿಕಾರ್.

"ಇರುತ್ತೆ. ನಮ್ಮಮ್ಮ ಮಾಡ್ತಿದ್ದದ್ದು ಸಿಹಿಯೇ."

"ಈರುಳ್ಳಿ," ಎಂದಳು ಫೆರ್ನಾಂದ್. "ಯಾವತ್ತೂ ಈರುಳ್ಳಿ."

ಮದಾಮ್ ಪಿಕಾರ್ ಇಬ್ಬರನ್ನೂ ನೋಡಿದರು. ಲೆಕ್ಕ ಹಾಕುವಂತೆ ಬೆರಳಿಂದ ಮೇಜನ್ನು ಮುಟ್ಟಿದರು. "ಮದಾಮ್ ಫೆರ್ನಾಂದ್, ಯುದ್ಧದ ಕಾಲಕ್ಕೆ ನಿಮಗೆ ಹತ್ತು ಹನ್ನೆರಡು ವರ್ಷ ಇದ್ದಿರಬೇಕು, ಅಲ್ವಾ? ಊರು ಬಿಟ್ಟು ಲಿಮೋಜ್ ಕಡೆ ಇದ್ರಿ, ನಮ್ಮ ಥರಾನೇ. ಆಗ ಸಕ್ಕರೆ ರೇಷನ್ ಚೀಟಿಗೆ ಮಾತ್ರ. ಯುದ್ಧ ಮುಗಿದು ನಾಲ್ಕು ವರ್ಷ ಆದ್ರೂ ಚೀಟಿ ಹೋಗಿರಲಿಲ್ಲ. ನಿಮ್ಮ ತಾಯಿ ಆಗ ಈರುಳ್ಳಿ ಹಾಕಿರ್ತಾರೆ, ಅದನ್ನ ನೀವು ಕಂಡಿದ್ದೀರಿ. ಇವರು ಬುದ್ಧಿ ತಿಳಿಯೋ ಹೊತ್ತಿಗೆ ಸಕ್ಕರೆ ಬಂತು. ಇಬ್ಬರೂ ಹೇಳೋದು ಸರಿಯೇ."

ಅದು ಅಷ್ಟು ಸಮಂಜಸವಾಗಿತ್ತೆಂದರೆ ಹಜ್ಜಾನರು ತಲೆಯಾಡಿಸಿಬಿಟ್ಟರು. ಕೋರಿನ್ ಅತ್ತೆಯಾಗುವವರನ್ನು ಮೆಚ್ಚುಗೆಯಿಂದ ನೋಡಿದಳು.

"ಅಲ್ಲ," ಎಂದಳು ಫೆರ್ನಾಂದ್.

"ಅಲ್ಲವೇ ಅಲ್ಲ," ಎಂದಳು ಲಿಲಿಯಾನ್.

"ಯುದ್ಧಕ್ಕೆ ಮುಂಚೆ ಅಜ್ಜಿ ಕೂಡ ಈರುಳ್ಳೀನೇ ಹಾಕ್ತಿದ್ರು. ಆಗ ಮನೇಲಿ ಮೂಟೆ ಸಕ್ಕರೆ ಇತ್ತು. ಚೀಟಿಗೂ ಇದಕ್ಕೂ ಸಂಬಂಧವೇ ಇಲ್ಲ."

"ಅಜ್ಜಿ ಹಾಕ್ತಿದ್ದದ್ದು ಎಲೆಕೋಸಿನ ಕೂಗೆಲ್‌ಗೆ. ಮರಸೇಬಿನದಕ್ಕಲ್ಲ."

"ನಿಂಗೆ ಅಜ್ಜಿ ನೆನಪೇ ಇಲ್ಲ. ನೀನು ಹುಟ್ಟೋಕೆ ಮುಂಚೆಯೇ ಹೋದ್ರು."

"ಅಮ್ಮ ಹೇಳ್ತಿದ್ಲು."

"ಅಮ್ಮ ನಿಂಗೆ ಹೇಳಿದ್ದು, ನಿಂಗೆ ಇಷ್ಟ ಆಗೋ ಹಾಗೆ ಹೇಳಿದ್ದು."

"ಮೆಣಸು ಜಾಸ್ತಿ ಆಗಿದೆ," ಎಂದಳು ಲಿಲಿಯಾನ್, ಮತ್ತು ಖಾಲಿ ತಟ್ಟೆಯನ್ನು ಮೇಜಿನ ಆಚೆಗೆ ಚಾಚಿದಳು.

ಫೆರ್ನಾಂದ್ ತಟ್ಟೆ ಇಸಿದುಕೊಂಡಳು. "ಜಾಸ್ತಿ ಆಗಿದ್ರೆ ಯಾಕೆ ಕೇಳ್ತಿದ್ದೀಯ?"

"ಅಂಚಿಂದ ಹಾಕು. ನಡುವಿಂದ ಬೇಡ."